ಪ್ರೊಸೆಸರ್‌ಗೂ ಮುಂಚೆ ಕೋಣೆಯ ಕಾವು

ಕಲಬುರಗಿಯ ಒಂದು ಡಿಟಿಪಿ ಅಂಗಡಿ. ಮೇ ತಿಂಗಳು, ಮಧ್ಯಾಹ್ನ ಮೂರರ ಹೊತ್ತು. ಪುಸ್ತಕವೊಂದರ ಕೊನೆಯ ಕರಡು ನೋಡಲು ಹೋಗಿದ್ದ ನಾನು ಫ್ಯಾನಿನ ಕೆಳಗೆ ಕೂತಿದ್ದೆ. ಗೋಡೆ ಗಡಿಯಾರದಲ್ಲಿದ್ದ ಉಷ್ಣಮಾಪಕ ಅಂಗಡಿಯ ಒಳಗೇ 38 ಡಿಗ್ರಿ ತೋರಿಸುತ್ತಿತ್ತು. ಬೆಳಿಗ್ಗೆ ಮೂರು ನಿಮಿಷಕ್ಕೆ ಪಿಡಿಎಫ್ ಮಾಡಿಕೊಟ್ಟಿದ್ದ ಯಂತ್ರ ಈಗ ಆರು ನಿಮಿಷ ಕಳೆದರೂ ಮುಗಿಸಿರಲಿಲ್ಲ. ಒಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗುತ್ತಿತ್ತು. ಅಂಗಡಿಯವರು ಬೇಸತ್ತು ಹೇಳಿದರು: “ಬ್ಯಾಸಿಗಿ ಬಂತಂದ್ರ ಇದಕ್ಕ ಜ್ವರಾ ಬರ್ತದ ನೋಡ್ರಿ ಸರ. ಪ್ರೊಸೆಸರ್ ಬದಲಿ ಮಾಡಸಬೇಕಂತ ಮಾಡೀನಿ. ಐ9 ಹಾಕಿಸಿದ್ರ ಛಲೋ ಆಗ್ತದೇನ್ರಿ?”

ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿದೆವು. ಇದ್ದದ್ದು ಇಂಟೆಲ್ ಕೋರ್ ಐ5-12400, ಮೇಲೆ ಅದರ ಡಬ್ಬದಲ್ಲೇ ಬಂದ ಕೂಲರ್. ಆ ಕೂಲರ್ ಮದರ್‌ಬೋರ್ಡಿನ ಮೇಲೆ ಕೂರುವುದು ನಾಲ್ಕು ಪ್ಲಾಸ್ಟಿಕ್ ಗೂಟಗಳ ಬಲದಿಂದ. ನಾಲ್ಕರಲ್ಲಿ ಒಂದು ಗೂಟ ಮೇಲೆದ್ದು ಕೂಲರ್ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಎದ್ದಿತ್ತು. ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ದೂಳು ಬೂದು ಬಣ್ಣದ ಕಂಬಳಿಯಾಗಿ ಹೆಣೆದುಕೊಂಡಿತ್ತು. ಪ್ರೊಸೆಸರ್ ನೂರು ಡಿಗ್ರಿ ಮುಟ್ಟಿ, ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಂಡು ಕೂತಿತ್ತು. ಬ್ರಶ್ಶಿನಲ್ಲಿ ದೂಳು ತೆಗೆದು, ಒಣಗಿದ ಪೇಸ್ಟ್ ಒರೆಸಿ, ಹೊಸ ಪೇಸ್ಟ್ ಹಾಕಿ, ನಾಲ್ಕೂ ಗೂಟ ‘ಟಕ್’ ಎನ್ನುವವರೆಗೆ ಒತ್ತಿದೆವು. ಉಷ್ಣತೆ 80ರ ಆಸುಪಾಸಿಗೆ ಇಳಿಯಿತು. ಪಿಡಿಎಫ್ ಬೆಳಿಗ್ಗೆಯಷ್ಟೇ ಬೇಗ ಬಂತು. ಅದೇ ಅಂಗಡಿಗೆ, ಅದೇ ಕ್ಯಾಬಿನೆಟ್ಟಿಗೆ ಐ9 ತಂದು ಕೂರಿಸಿದ್ದರೆ ಹಣವೂ ಹೋಗುತ್ತಿತ್ತು, ಜ್ವರವೂ ಏರುತ್ತಿತ್ತು.

ಕಂಪ್ಯೂಟರ್ ಜೋಡಿಸಿಕೊಳ್ಳಲು ಸಲಹೆ ಕೇಳುವ ಬಹುತೇಕರು ಮೊದಲು ಪ್ರೊಸೆಸರ್ ಹೆಸರು ಹಿಡಿದೇ ಬರುತ್ತಾರೆ. ಕೂಲರ್ ಮಾತು ಕೊನೆಗೆ, ಉಳಿದ ಎರಡು ಸಾವಿರದಲ್ಲಿ. ಕೋಣೆಯ ಮಾತು ಬರುವುದೇ ಇಲ್ಲ. ನಾನು ಇದನ್ನು ತಿರುವಿಹಾಕಿ ನೋಡಬೇಕೆನ್ನುತ್ತೇನೆ: ಮೊದಲು ಕೆಲಸ, ಆಮೇಲೆ ಕೋಣೆ, ಅವೆರಡಕ್ಕೂ ಒಗ್ಗುವ ಪ್ರೊಸೆಸರ್, ಅದು ಉಗುಳುವ ಕಾವನ್ನು ಹೊರಹಾಕಬಲ್ಲ ಕೂಲರ್.

ಕಾವು ಈ ಕಥೆಯ ನಡುವಿಗೆ ಬಂದದ್ದು ಹೇಗೆ ಎಂದು ಸ್ವಲ್ಪ ಹಿಂದೆ ಹೋಗಿ ನೋಡಬೇಕು. 1971ರ ಇಂಟೆಲ್ 4004 ಚಿಪ್‌ನಲ್ಲಿ ಇದ್ದದ್ದು ಸುಮಾರು 2,300 ಟ್ರಾನ್ಸಿಸ್ಟರ್. ಅದಕ್ಕೆ ಕೂಲರ್ ಎಂಬುದೇ ಬೇಕಿರಲಿಲ್ಲ. 486ರ ಕಾಲದಲ್ಲೂ ಎಷ್ಟೋ ಯಂತ್ರಗಳು ಫ್ಯಾನಿಲ್ಲದೆ, ಬರೀ ಲೋಹದ ಚಿಕ್ಕ ತುಂಡು ಹೊತ್ತು ಬದುಕಿದವು. ಟ್ರಾನ್ಸಿಸ್ಟರ್ ಚಿಕ್ಕದಾದಂತೆ ಅದಕ್ಕೆ ಬೇಕಾದ ವೋಲ್ಟೇಜೂ ಇಳಿಯುತ್ತದೆ, ಆದ್ದರಿಂದ ಅಷ್ಟೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರ್ ತುಂಬಿದರೂ ಕಾವು ಹೆಚ್ಚುವುದಿಲ್ಲ ಎಂದು ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿಕೊಟ್ಟಿದ್ದರು. ಮೂರು ದಶಕ ಉದ್ಯಮ ನಡೆದದ್ದು ಈ ಲೆಕ್ಕದ ಮೇಲೆ. 2005ರ ಸುಮಾರಿಗೆ ಲೆಕ್ಕ ತಪ್ಪಿತು. ವೋಲ್ಟೇಜ್ ಇನ್ನು ಇಳಿಯಲೊಲ್ಲದು, ಸೋರಿಕೆ ಹೆಚ್ಚಾಯಿತು, ಕಾವು ಏರಿತು. ಇಂಟೆಲ್‌ನ ಪ್ಯಾಟ್ ಗೆಲ್ಸಿಂಗರ್ 2001ರಲ್ಲೇ, ಹೀಗೇ ಸಾಗಿದರೆ ಚಿಪ್‌ನ ಕಾವಿನ ಸಾಂದ್ರತೆ ಅಣು ರಿಯಾಕ್ಟರಿನ ಮಟ್ಟ ಮುಟ್ಟುತ್ತದೆ ಎಂದು ಎಚ್ಚರಿಸಿದ್ದರು. 2004ರ ಪೆಂಟಿಯಂ 4 ಬಳಸಿದವರಿಗೆ ಆ ಮಾತಿನ ಅರ್ಥ ಕೈಗೇ ತಾಗಿತ್ತು. ಅದೇ ವರ್ಷ ಇಂಟೆಲ್ 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ತರುವ ಯೋಜನೆಯನ್ನೇ ಕೈಬಿಟ್ಟಿತು. ಒಂದೇ ಕೋರ್ ಅನ್ನು ಓಡಿಸಿ ಓಡಿಸಿ ಸುಡುವ ಬದಲು, ಹಲವು ಕೋರ್‌ಗಳನ್ನು ಹದವಾಗಿ ನಡೆಸುವ ದಾರಿ ಹಿಡಿದದ್ದು ಆಮೇಲೆ. 2006ರ ಕೋರ್ 2 ಡ್ಯುಯೋ 65 ವಾಟಿನಲ್ಲಿ ತಣ್ಣಗೆ ಓಡಿ ಎಲ್ಲರ ಮನ ಗೆದ್ದಿತು.

ಈ ತಿರುವಿನಲ್ಲಿ ನಮ್ಮ ನಾಡಿನ ಕೈಯೂ ಇದೆ. 2008ರಲ್ಲಿ ಬಂದ, ಆರು ಕೋರ್‌ಗಳ ಜಿಯಾನ್ 7400 ಎಂಬ ಸರ್ವರ್ ಪ್ರೊಸೆಸರನ್ನು ವಿನ್ಯಾಸ ಮಾಡಿದ್ದು ಇಂಟೆಲ್‌ನ ಬೆಂಗಳೂರು ತಂಡ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ತೆರೆದದ್ದೂ ಬೆಂಗಳೂರಿನಲ್ಲೇ. ಹಾಗಾಗಿ ಅಲ್ಲಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಯಲ್ಲಿ ಗಾಜಿನ ಹಿಂದೆ ಕೂತಿರುವ ಚಿಪ್ ನಮಗೆ ಪೂರ್ತಿ ಪರದೇಶದ್ದೇನಲ್ಲ.

2017ರ ಮಾರ್ಚಿನಲ್ಲಿ ಎಎಂಡಿಯ ಮೊದಲ ರೈಜನ್ ಬಂದ ಮೇಲೆ ಪೈಪೋಟಿ ಮತ್ತೆ ಕಾವೇರಿತು. ಆ ವರ್ಷದ ಆರಂಭದಲ್ಲಿ ಇಂಟೆಲ್‌ನ ಮನೆಬಳಕೆಯ ಮೇಲ್ದರ್ಜೆಯ ಚಿಪ್ ಐ7-7700ಕೆ: ನಾಲ್ಕು ಕೋರ್, 91 ವಾಟ್. 2023ರ ಅಕ್ಟೋಬರಿನ ಐ9-14900ಕೆ: ಇಪ್ಪತ್ನಾಲ್ಕು ಕೋರ್, ಗರಿಷ್ಠ 253 ವಾಟ್. ಇಂದಿನ ಬಿಎಲ್‌ಡಿಸಿ ಸೀಲಿಂಗ್ ಫ್ಯಾನ್ ಎಳೆಯುವುದು ಸುಮಾರು 30 ವಾಟ್. ಅಂದರೆ ಎಂಟು ಫ್ಯಾನ್ ತಿರುಗಿಸುವ ವಿದ್ಯುತ್ತು ಬಿಸ್ಕತ್ತಿಗಿಂತ ಚಿಕ್ಕದಾದ ಒಂದು ಚಿಪ್‌ಗೆ ಹೋಗಿ, ಅಷ್ಟೂ ಕಾವಾಗಿ ನಿಮ್ಮ ಕೋಣೆಗೆ ಬರುತ್ತದೆ. ಕಂಪ್ಯೂಟರ್ ಎಳೆದ ಪ್ರತಿ ವಾಟೂ ಕೊನೆಗೆ ಕಾವೇ. ಅದು ಬೇರೆಲ್ಲಿಗೂ ಹೋಗುವುದಿಲ್ಲ.

ಇಲ್ಲಿ ಡಬ್ಬದ ಮೇಲಿನ ವಾಟ್ ಓದುವ ರೀತಿ ತಿಳಿದಿರಬೇಕು. ಐ9-14900ಕೆ ಡಬ್ಬದ ವಿವರದಲ್ಲಿ 125 ವಾಟ್ ಎಂದಿರುತ್ತದೆ. ಅದು ಮೂಲ ವೇಗದ ಲೆಕ್ಕ. ಐ5-12400 65 ವಾಟಿನದು ಎನ್ನುತ್ತಾರೆ, ಒತ್ತಡ ಬಿದ್ದಾಗ ಅದು 117 ವಾಟ್‌ವರೆಗೆ ಎಳೆಯಬಲ್ಲದು. ಎಎಂಡಿಯಲ್ಲಿ ಟಿಡಿಪಿ ಎಂದು ಬರೆದದ್ದನ್ನು 1.35ರಿಂದ ಗುಣಿಸಿದರೆ ನಿಜವಾದ ಮಿತಿ ಸಿಗುತ್ತದೆ: 65 ಎಂದರೆ 88, 120 ಎಂದರೆ 162, 170 ಎಂದರೆ 230 ವಾಟ್. ಕೂಲರ್ ಕೊಳ್ಳುವಾಗ ಈ ಎರಡನೆಯ ಸಂಖ್ಯೆ ನೋಡಿ. ಸಾಲದ್ದಕ್ಕೆ ಕೆಲವು ಮದರ್‌ಬೋರ್ಡ್‌ಗಳು ತಾವಾಗಿಯೇ ಈ ಮಿತಿಯನ್ನು ತೆಗೆದುಹಾಕಿರುತ್ತವೆ. ಬಯಾಸ್‌ಗೆ ಹೋಗಿ ಅದನ್ನು ಕಂಪನಿ ಹೇಳಿದ ಮಿತಿಗೆ ತರುವುದು ಹೊಸ ಯಂತ್ರದಲ್ಲಿ ಮಾಡಬೇಕಾದ ಮೊದಲ ಕೆಲಸ.

ಒಟ್ಟು ಕಾವಿನಷ್ಟೇ ಮುಖ್ಯವಾದದ್ದು ಕಾವಿನ ದಟ್ಟಣೆ. ಸಾವಿರ ವಾಟಿನ ಇಸ್ತ್ರಿ ಪೆಟ್ಟಿಗೆಯನ್ನು ನೆನೆಯಿರಿ. ಅದರ ತಳ ಸುಮಾರು 200 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ ಪ್ರತಿ ಚದರ ಸೆಂಟಿಮೀಟರಿಗೆ 5 ವಾಟ್. ಈಗಿನ ರೈಜನ್‌ನಲ್ಲಿ ಎಂಟು ಕೋರ್‌ಗಳು ಕೂತಿರುವ ಸಿಲಿಕಾನ್ ತುಂಡಿನ ವಿಸ್ತಾರ 0.7 ಚದರ ಸೆಂಟಿಮೀಟರ್ ಅಷ್ಟೇ. ಅದರಲ್ಲಿ 70 ವಾಟ್ ಸುರಿದರೂ ಚದರ ಸೆಂಟಿಮೀಟರಿಗೆ 100 ವಾಟ್ ಆಯಿತು, ಇಸ್ತ್ರಿ ಪೆಟ್ಟಿಗೆಯ ಇಪ್ಪತ್ತು ಪಟ್ಟು. ರೈಜನ್ 7000 ಸರಣಿಯ ಚಿಪ್‌ಗಳು ಭಾರೀ ಕೆಲಸದಲ್ಲಿ 95 ಡಿಗ್ರಿ ಮುಟ್ಟುವುದು ಕಂಡು ಎಷ್ಟೋ ಜನ ಗಾಬರಿಬಿದ್ದು ದುಬಾರಿ ಕೂಲರ್ ತಂದರು. ಇಳಿದದ್ದು ನಾಲ್ಕಾರು ಡಿಗ್ರಿ. ಅಲ್ಲಿ ತೊಡಕಿದ್ದದ್ದು ಕೂಲರಿನಲ್ಲಲ್ಲ, ಅಷ್ಟು ಚಿಕ್ಕ ಜಾಗದಿಂದ ಕಾವು ಹೊರಗೆ ಬರುವ ಬಾಗಿಲೇ ಇಕ್ಕಟ್ಟು. ಅಲ್ಲದೆ 95 ಡಿಗ್ರಿವರೆಗೆ ಹೋಗಿ ಅಲ್ಲೇ ನಿಂತು ಕೆಲಸ ಮಾಡುವಂತೆ ಎಎಂಡಿಯೇ ಅವುಗಳನ್ನು ರೂಪಿಸಿದೆ. ಇಂಟೆಲ್‌ನ ದೊಡ್ಡ ಚಿಪ್‌ಗಳದ್ದು ಬೇರೆ ಕಥೆ. ಅಲ್ಲಿ ತುಂಡು ದೊಡ್ಡದು, ಒಟ್ಟು ಕಾವೂ ದೊಡ್ಡದು. ದೊಡ್ಡ ಕೂಲರ್ ಅಲ್ಲಿ ನಿಜಕ್ಕೂ ಕೆಲಸ ಮಾಡುತ್ತದೆ.

ಒಂದು ಲೆಕ್ಕವನ್ನು ಮಾತ್ರ ಪ್ರತಿಯೊಬ್ಬರೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಚಿಪ್ ತಿನ್ನುವ ವಿದ್ಯುತ್ತು ವೇಗಕ್ಕೆ ತಕ್ಕಂತೆ ಒಮ್ಮೆ ಏರುತ್ತದೆ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇನ್ನೊಮ್ಮೆ. ವೇಗವನ್ನೂ ವೋಲ್ಟೇಜನ್ನೂ ನೂರಕ್ಕೆ ಹತ್ತು ಇಳಿಸಿದರೆ ಕಾವು ಇಳಿಯುವುದು ನೂರಕ್ಕೆ 27. ಕೊನೆಯ ಹತ್ತು ಭಾಗ ವೇಗಕ್ಕೆ ನಾವು ಕೊಡುವ ಬೆಲೆ ಅಷ್ಟು. ಎಎಂಡಿ ಬಯಾಸ್‌ನಲ್ಲಿರುವ ಎಕೋ ಮೋಡ್, ಇಂಟೆಲ್‌ನಲ್ಲಿರುವ ವಿದ್ಯುತ್ ಮಿತಿ ಎರಡೂ ಇದೇ ಕೆಲಸಕ್ಕೆ ಇರುವುದು. ಏಪ್ರಿಲ್, ಮೇ ತಿಂಗಳಲ್ಲಿ ಮಿತಿ ಇಳಿಸಿ ಮಳೆಗಾಲ ಹಿಡಿದ ಮೇಲೆ ಏರಿಸುವುದು ನನ್ನ ರೂಢಿ. ಪುಟವಿನ್ಯಾಸದಲ್ಲಿ, ಬರವಣಿಗೆಯಲ್ಲಿ ವ್ಯತ್ಯಾಸ ನನಗೆ ತಿಳಿದೇ ಇಲ್ಲ.

ಕರೆಂಟಿನ ಲೆಕ್ಕವೂ ಇದೆ. ದಿನಕ್ಕೆ ಎಂಟು ಗಂಟೆ ದುಡಿಯುವ ಯಂತ್ರ 100 ವಾಟ್ ಹೆಚ್ಚು ಎಳೆದರೆ ತಿಂಗಳಿಗೆ 24 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಒಳಗೆ ಇರಬೇಕೆಂದು ನೋಡಿಕೊಳ್ಳುವ ಮನೆಗೆ ಅದು ಸಣ್ಣ ಮಾತಲ್ಲ. ಸಾಮಾನ್ಯ 600 ವಿಎ ಯುಪಿಎಸ್ ತಾಳುವುದು ಹೆಚ್ಚೆಂದರೆ 360 ವಾಟ್. ಕರೆಂಟ್ ಹೋದ ಕ್ಷಣದಲ್ಲಿ ದೊಡ್ಡ ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಪೂರ್ತಿ ದುಡಿಯುತ್ತಿದ್ದರೆ ಯುಪಿಎಸ್ ಕೂಡ ಆಗಲೇ ಕೈಚೆಲ್ಲುತ್ತದೆ.

ಇನ್ನು ಕೆಲಸದ ಮಾತು. ಟ್ಯಾಲಿ, ನುಡಿ, ಬರಹ, ಬ್ರೌಸರ್, ಮಕ್ಕಳ ಆನ್‌ಲೈನ್ ಪಾಠ ಇಷ್ಟಕ್ಕೇ ಆದರೆ ನಾಲ್ಕು ಕೋರ್‌ಗಳ ಐ3-12100 ಧಾರಾಳ. ರೈಜನ್ 5 5600ಜಿ ಆದರೂ ಆಯಿತು. ಹೆಸರಿನ ಕೊನೆಯ ಅಕ್ಷರ ನೋಡಿ ಕೊಳ್ಳಿ: ಇಂಟೆಲ್‌ನಲ್ಲಿ ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಹಾಕದೆ ಪರದೆ ಬೆಳಗುವುದಿಲ್ಲ. ಐನೂರೋ ಸಾವಿರವೋ ಉಳಿಯಿತೆಂದು ‘ಎಫ್’ ತಂದು ಮನೆಯಲ್ಲಿ ಕಪ್ಪು ಪರದೆ ನೋಡುತ್ತ ಕೂತವರನ್ನು ಕಂಡಿದ್ದೇನೆ. ‘ಕೆ’ ಇದ್ದರೆ ವೇಗದ ಬೀಗ ತೆರೆದಿದೆ ಎಂದರ್ಥ, ಡಬ್ಬದಲ್ಲಿ ಕೂಲರ್ ಇರುವುದಿಲ್ಲ. ಎಎಂಡಿಯ ‘ಜಿ’ಯಲ್ಲಿ ಗ್ರಾಫಿಕ್ಸ್ ಬಲ ಹೆಚ್ಚು.

ಡಿಟಿಪಿ, ಫೋಟೋಶಾಪ್, ಮದುವೆ ಆಲ್ಬಮ್ ಮಾಡುವವರಿಗೆ ಆರು ಕೋರ್ ಸಾಕು. ಈ ಕೆಲಸಗಳಲ್ಲಿ ಹೆಚ್ಚಿನದ್ದು ಒಂದೆರಡು ಕೋರ್‌ಗಳ ವೇಗವನ್ನೇ ನೆಚ್ಚಿರುತ್ತದೆ. ಗದ್ದೆ ನಾಟಿಗೆ ಹತ್ತು ಆಳು ಬಂದರೆ ಒಂದೇ ದಿನಕ್ಕೆ ಮುಗಿಯುತ್ತದೆ, ಕಾಲುವೆಯ ನೀರು ತಿರುಗಿಸಲು ಹತ್ತು ಆಳು ನಿಂತರೂ ನೀರು ಬರುವುದು ಅದರ ಹೊತ್ತಿಗೇ. ಐ5-12400, ರೈಜನ್ 5 7600 ಇಂಥವು ಇಲ್ಲಿಗೆ ಹೇಳಿಮಾಡಿಸಿದಂತಿವೆ. 7600ರ ಡಬ್ಬದಲ್ಲಿ ಕೂಲರೂ ಬರುತ್ತದೆ, ಒಳಗೆ ಚಿಕ್ಕ ಗ್ರಾಫಿಕ್ಸೂ ಇದೆ.

ವಿಡಿಯೋ ಸಂಕಲನ ಮಾಡುವವರಿಗೆ, ಅದರಲ್ಲೂ ಕ್ಯಾಮೆರಾದ ಎಚ್.265 ಕಡತಗಳ ಜತೆ ಗುದ್ದಾಡುವವರಿಗೆ, ನಾನು ಇಂಟೆಲ್ ಕಡೆ ಬೆರಳು ತೋರಿಸುತ್ತೇನೆ. ಅದರ ಒಳಗಿನ ಗ್ರಾಫಿಕ್ಸ್ ಭಾಗದಲ್ಲಿರುವ ಕ್ವಿಕ್ ಸಿಂಕ್ ಆ ಕಡತಗಳನ್ನು ಬಿಡಿಸುವ ಕೆಲಸವನ್ನು ಕೋರ್‌ಗಳಿಗೆ ಹೊರೆಯಾಗದಂತೆ ಮಾಡುತ್ತದೆ. ಇಲ್ಲಿಯೂ ‘ಎಫ್’ ಬೇಡ. 2024ರ ಅಕ್ಟೋಬರಿನಲ್ಲಿ ಬಂದ ಕೋರ್ ಅಲ್ಟ್ರಾ 200ಎಸ್ ಸರಣಿ ಹಿಂದಿನ ತಲೆಮಾರಿಗಿಂತ ಕಡಿಮೆ ವಿದ್ಯುತ್ತಿನಲ್ಲಿ ಈ ಕೆಲಸ ಮಾಡುತ್ತದೆ. ಬಂದ ಹೊಸದರಲ್ಲಿ ಆಟದವರಿಗೆ ಅದು ನಿರಾಸೆ ತಂದಿತು, ಸಂಕಲನಕಾರರಿಗೆ ತರಲಿಲ್ಲ.

ಆಟಗಾರರ ಪ್ರಶ್ನೆ ಹೆಚ್ಚು ರೋಚಕ. ಇಲ್ಲಿ ಎಎಂಡಿ 2022ರ ಏಪ್ರಿಲ್‌ನಲ್ಲಿ 5800ಎಕ್ಸ್3ಡಿ ತಂದು ಆಟದ ನಿಯಮವನ್ನೇ ಬದಲಿಸಿತು. ಒಗ್ಗರಣೆ ಹಾಕುವಾಗ ಸಾಸಿವೆ ಜೀರಿಗೆ ಒಲೆಯ ಪಕ್ಕದ ಡಬ್ಬಿಯಲ್ಲಿದ್ದರೆ ಕೈಗೆ ಸಿಕ್ಕಿತು, ಉಗ್ರಾಣದಿಂದ ತರಬೇಕಾದರೆ ಎಣ್ಣೆ ಸೀದುಹೋಯಿತು. ಪ್ರೊಸೆಸರಿಗೆ ಕ್ಯಾಶ್ ಆ ಡಬ್ಬಿ, ರ‍್ಯಾಮ್ ಉಗ್ರಾಣ. ಎಎಂಡಿ ಆ ಡಬ್ಬಿಯನ್ನು ಕೋರ್‌ಗಳ ಮೇಲೆ ಇನ್ನೊಂದು ಅಂತಸ್ತು ಕಟ್ಟಿ 96 ಮೆಗಾಬೈಟಿಗೆ ಹಿಗ್ಗಿಸಿತು. ಅದರ ನಂತರ ಬಂದ 7800ಎಕ್ಸ್3ಡಿ ಆಟದ ಹೊತ್ತಿನಲ್ಲಿ ಎಳೆಯುವುದು ಸಾಮಾನ್ಯವಾಗಿ 80 ವಾಟಿನ ಒಳಗೆ, ಅಷ್ಟರಲ್ಲೇ ತನಗಿಂತ ಎರಡು ಪಟ್ಟು ಕಾವು ಕಾರುವ ಚಿಪ್‌ಗಳನ್ನು ಸರಿಗಟ್ಟುತ್ತದೆ. ಆದರೆ ಮೇಲಿನ ಅಂತಸ್ತು ಕೋರ್‌ಗಳಿಗೆ ಕಂಬಳಿ ಹೊದಿಸಿದಂತಾಗಿತ್ತು. 2024ರ ನವೆಂಬರಿನ 9800ಎಕ್ಸ್3ಡಿಯಲ್ಲಿ ಆ ಕ್ಯಾಶನ್ನು ಕೋರ್‌ಗಳ ಕೆಳಗೆ ಹಾಕಿದರು. ಕೋರ್‌ಗಳು ಕೂಲರಿನ ಹತ್ತಿರ ಬಂದವು, ವೇಗವೂ ಏರಿತು. ವೇಗಕ್ಕಾಗಿ ವಿದ್ಯುತ್ತು ಸುರಿಯದೆ ವಿನ್ಯಾಸದಿಂದಲೇ ಗೆದ್ದ ಈ ಚಿಪ್‌ಗಳನ್ನು ಕಳೆದ ದಶಕದ ಅತ್ಯುತ್ತಮ ಎಂಜಿನಿಯರಿಂಗ್ ಎಂದು ನಾನು ಎಣಿಸುತ್ತೇನೆ. ಹಾಗೆಂದು ಎಲ್ಲರೂ ಕೊಳ್ಳಬೇಕಿಲ್ಲ. 4ಕೆ ಪರದೆಯಲ್ಲಿ ಆಡುವವರಿಗೆ ಹೊರೆ ಬೀಳುವುದು ಗ್ರಾಫಿಕ್ಸ್ ಕಾರ್ಡಿನ ಮೇಲೆ. ಹಣ ಅಲ್ಲಿಗೆ ಹೋಗಲಿ, ಪ್ರೊಸೆಸರ್ ಆರು ಕೋರಿನದೇ ಇರಲಿ.

ಹದಿನಾರು ಕೋರಿನ ರೈಜನ್ 9 9950ಎಕ್ಸ್, ಇಪ್ಪತ್ನಾಲ್ಕು ಕೋರಿನ ಕೋರ್ ಅಲ್ಟ್ರಾ 9 285ಕೆ ಇವೆಲ್ಲ ತ್ರೀಡಿ ರೆಂಡರಿಂಗ್, ದೊಡ್ಡ ತಂತ್ರಾಂಶಗಳ ಕಂಪೈಲ್, ವೈಜ್ಞಾನಿಕ ಲೆಕ್ಕಾಚಾರ ಮಾಡಿ ಅದರಿಂದಲೇ ಅನ್ನ ಗಳಿಸುವವರಿಗೆ. ಅವರಿಗೆ ನನ್ನ ಸಲಹೆ ಬೇಕಿಲ್ಲ.

ಪ್ರೊಸೆಸರ್ ಕೂರುವ ಸಾಕೆಟ್ ವಿಷಯದಲ್ಲಿ ಒಂದು ಮಾತು. ಎಎಂಡಿ 2016ರಲ್ಲಿ ತಂದ ಎಎಂ4 ಸಾಕೆಟ್‌ಗೆ ಎಷ್ಟೋ ವರ್ಷ ಹೊಸ ಚಿಪ್ ಕೊಡುತ್ತಲೇ ಬಂತು. ಈಗಿನ ಎಎಂ5ಗೆ 2027 ಮತ್ತು ಅದರಾಚೆಗೂ ಬೆಂಬಲ ಎಂದು ಹೇಳಿದೆ. ಮೂರು ನಾಲ್ಕು ವರ್ಷಕ್ಕೆ ಪ್ರೊಸೆಸರ್ ಮಾತ್ರ ಬದಲಿಸುವ ಯೋಚನೆ ಇದ್ದವರಿಗೆ ಇದು ದೊಡ್ಡ ಅನುಕೂಲ. ಆದರೆ 2025ರ ಕೊನೆಯಿಂದ ಡಿಡಿಆರ್5 ಮೆಮೊರಿ ಬೆಲೆ ಏರಿದ ರೀತಿಯಲ್ಲಿ, ಮನೆಯಲ್ಲಿ ಹಳೆಯ ಡಿಡಿಆರ್4 ರ‍್ಯಾಮ್ ಇದ್ದವರು ಎಎಂ4ನಲ್ಲೋ ಇಂಟೆಲ್ 12ನೆಯ ತಲೆಮಾರಿನಲ್ಲೋ ಇನ್ನೆರಡು ವರ್ಷ ಕಳೆದರೂ ತಪ್ಪೇನಿಲ್ಲ. ಇಂಟೆಲ್‌ನ 13 ಮತ್ತು 14ನೆಯ ತಲೆಮಾರಿನ ಮೇಲ್ದರ್ಜೆಯ ಚಿಪ್‌ಗಳನ್ನು ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಮಾತ್ರ ಎಚ್ಚರ. ಅವು ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿ ಕ್ರಮೇಣ ಕೆಡುತ್ತಿದ್ದವು ಎಂದು 2024ರಲ್ಲಿ ಇಂಟೆಲ್ ಒಪ್ಪಿಕೊಂಡು ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ತಿದ್ದುಪಡಿ ಮುಂದಿನ ಹಾನಿ ತಡೆಯುತ್ತದೆ, ಆಗಿರುವ ಹಾನಿ ವಾಸಿಯಾಗದು.

ಕೂಲರ್ ಎಂದರೆ ಕಾವನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುವ ಸಾಲು. ಚಿಪ್‌ನಿಂದ ಅದರ ಲೋಹದ ಮುಚ್ಚಳಕ್ಕೆ, ಅಲ್ಲಿಂದ ಪೇಸ್ಟ್ ಮೂಲಕ ತಾಮ್ರದ ತಳಕ್ಕೆ, ಕೊಳವೆಗಳಿಗೆ, ರೆಕ್ಕೆಗಳಿಗೆ, ಗಾಳಿಗೆ, ಕೋಣೆಗೆ. ಕೊಳವೆಯ ಒಳಗಿನ ಕೆಲಸ ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ದಿನಾ ಕಾಣುವಂಥದ್ದೇ. ತಾಮ್ರದ ಹೀಟ್ ಪೈಪಿನಲ್ಲಿ ಗಾಳಿ ತೆಗೆದು ಹನಿ ನೀರು ಇಟ್ಟು ಮುಚ್ಚಿರುತ್ತಾರೆ. ಬಿಸಿ ತುದಿಯಲ್ಲಿ ನೀರು ಆವಿಯಾಗುತ್ತದೆ, ಆವಿ ತಣ್ಣನೆಯ ತುದಿಗೆ ಹೋಗಿ ಹನಿಯಾಗುತ್ತದೆ, ಹನಿ ಒಳಗೋಡೆಯ ರಂಧ್ರಗಳಲ್ಲಿ ಬತ್ತಿಯಲ್ಲಿ ಎಣ್ಣೆ ಏರಿದಂತೆ ಹಿಂದಿರುಗುತ್ತದೆ. ಪಂಪಿಲ್ಲ, ಸದ್ದಿಲ್ಲ, ಕೆಡುವಂಥದ್ದು ಏನೂ ಇಲ್ಲ. ಕೆಡುವುದೇನಿದ್ದರೂ ಹೊರಗಿನ ಫ್ಯಾನು, ಅದನ್ನು ಐದು ನಿಮಿಷದಲ್ಲಿ ಬದಲಿಸಬಹುದು.

ಈ ಸಾಲಿನಲ್ಲಿ ತೀರ ಬಡವ ಪೇಸ್ಟ್. ತಾಮ್ರ ಕಾವು ದಾಟಿಸುವ ಶಕ್ತಿ ಸುಮಾರು 400 ಎಂದಾದರೆ ಅಲ್ಯೂಮಿನಿಯಂನದು 240, ಪೇಸ್ಟಿನದು ಹೆಚ್ಚೆಂದರೆ ಹತ್ತು ಹದಿನೈದು. ಗಾಳಿಯದು 0.03ಕ್ಕೂ ಕಡಿಮೆ. ಎರಡು ಲೋಹಗಳ ನಡುವಿನ ಕಣ್ಣಿಗೆ ಕಾಣದ ಸಂದುಗಳಿಂದ ಗಾಳಿ ಓಡಿಸುವುದಷ್ಟೇ ಪೇಸ್ಟಿನ ಕೆಲಸ. ಕಡಲೆಕಾಳಿನಷ್ಟು, ಕಲಬುರಗಿಯವರಿಗೆ ಹೇಳುವುದಾದರೆ ದಪ್ಪ ತೊಗರಿಕಾಳಿನಷ್ಟು ನಡುವಿಗೆ ಇಟ್ಟು ಕೂಲರನ್ನು ನೇರ ಕೂರಿಸಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ತಳಕ್ಕೆ ಅಂಟಿಸಿರುವ ತೆಳು ಪ್ಲಾಸ್ಟಿಕ್ ಹಾಳೆ ಕೀಳಲು ಮರೆಯಬೇಡಿ. ಮರೆತು ಕೂರಿಸಿದ ಯಂತ್ರಗಳು ರಿಪೇರಿ ಅಂಗಡಿಗಳಿಗೆ ಈಗಲೂ ಬರುತ್ತವೆ. ಎಎಂ4 ಚಿಪ್‌ನ ಮೇಲಿನಿಂದ ಹಳೆಯ ಕೂಲರ್ ತೆಗೆಯುವಾಗ ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸಿ ಪೇಸ್ಟ್ ಮೆತ್ತಗಾದ ಮೇಲೆ, ವಿದ್ಯುತ್ ತೆಗೆದು, ತಿರುಚಿ ಎತ್ತಿ. ನೇರ ಎಳೆದರೆ ಚಿಪ್ಪೇ ಸಾಕೆಟ್‌ನಿಂದ ಕಿತ್ತು ಬಂದು ಕೆಳಗಿನ 1,331 ಸೂಜಿಗಳಲ್ಲಿ ಒಂದೆರಡಾದರೂ ಬಾಗುತ್ತವೆ.

ಗಾಳಿಯ ಕೂಲರೋ ನೀರಿನ ಕೂಲರೋ ಎಂಬ ವಾದ ಮುಗಿಯುವಂಥದ್ದಲ್ಲ, ಆದರೆ ನನ್ನ ತೀರ್ಪು ನಿಶ್ಚಿತವಾಗಿದೆ. 88 ವಾಟಿನ ಮಿತಿಯ ಚಿಪ್‌ಗೆ ನಾಲ್ಕು ಹೀಟ್ ಪೈಪ್, ಒಂದು 120 ಮಿಲಿಮೀಟರ್ ಫ್ಯಾನ್ ಇರುವ ಒಂಟಿ ಗೋಪುರ ಸಾಕು. ಎಂಟು ಕೋರಿನ ಎಕ್ಸ್3ಡಿಗೂ, ಮಿತಿ ಇಳಿಸಿದ ದೊಡ್ಡ ಚಿಪ್‌ಗೂ ಆರು ಹೀಟ್ ಪೈಪ್, ಎರಡು ಫ್ಯಾನ್ ಇರುವ ಜೋಡಿ ಗೋಪುರ. ಥರ್ಮಲ್‌ರೈಟ್‌ನ ಪೀರ್‌ಲೆಸ್ ಅಸಾಸಿನ್ 120 ಈ ವರ್ಗದ ಬೆಲೆಯನ್ನೇ ಕೆಳಗಿಳಿಸಿತು. ನಾಲ್ಕು ಸಾವಿರದ ಆಸುಪಾಸಿನಲ್ಲಿ ಸಿಗುವ ಅದು, ಆಸ್ಟ್ರಿಯಾದ ನಾಕ್ಟುವಾ ಕಂಪನಿಯ ಹೆಸರಾಂತ ಎನ್‌ಎಚ್-ಡಿ15ಕ್ಕಿಂತ ಕೆಲವೇ ಡಿಗ್ರಿ ಹಿಂದೆ. ಕೊಳ್ಳುವ ಮೊದಲು ಎತ್ತರ ನೋಡಿ. ಮೊದಲನೆಯದು 157 ಮಿಲಿಮೀಟರ್, ಎರಡನೆಯದು 165. ನಮ್ಮಲ್ಲಿ ಸಿಗುವ ಅಗ್ಗದ ಕ್ಯಾಬಿನೆಟ್‌ಗಳಲ್ಲಿ ಎಷ್ಟೋ ಇದಕ್ಕೆ ಜಾಗ ಕೊಡುವುದಿಲ್ಲ, ಪಕ್ಕದ ಗಾಜು ಮುಚ್ಚುವುದಿಲ್ಲ.

ನೀರಿನ ಕೂಲರ್ ಬಗ್ಗೆ ಇರುವ ದೊಡ್ಡ ತಪ್ಪು ತಿಳಿವಳಿಕೆ ಅದು ಫ್ರಿಜ್ಜಿನಂತೆ ತಣಿಸುತ್ತದೆ ಎಂಬುದು. ಇಲ್ಲ. ಕಾವನ್ನು ಅದು ರೇಡಿಯೇಟರ್‌ವರೆಗೆ ಹೊತ್ತೊಯ್ಯುತ್ತದೆ, ಅಲ್ಲಿ ತಣಿಸುವುದು ಮತ್ತೆ ಕೋಣೆಯ ಗಾಳಿಯೇ. ಕೋಣೆ 38 ಡಿಗ್ರಿ ಇದ್ದರೆ ಯಾವ ಸಾಮಾನ್ಯ ಕೂಲರೂ ಅದಕ್ಕಿಂತ ಕೆಳಗೆ ಹೋಗದು. ಅದೇ ಕಾರಣಕ್ಕೆ ಮಂಗಳೂರು, ಉಡುಪಿಯ ತೇವದಲ್ಲಿ ಒಳಗೆ ನೀರು ಹನಿಗಟ್ಟುತ್ತದೆ ಎಂಬ ಭಯವೂ ಬೇಡ. ದ್ರವ ಬಿಸಿಯಾಗಲು ಹೊತ್ತು ಹಿಡಿಯುವುದರಿಂದ ಮೊದಲ ಹತ್ತು ನಿಮಿಷ ನೀರಿನ ಕೂಲರ್ ಮುಂದೆ ಕಾಣುತ್ತದೆ, ಒಂದು ಗಂಟೆಯ ಕೆಲಸದಲ್ಲಿ ಆ ಅಂತರ ಬಹಳಷ್ಟು ಕರಗುತ್ತದೆ. 200 ವಾಟ್ ದಾಟಿದ ಚಿಪ್‌ಗೆ ಮೂರು ಫ್ಯಾನಿನ 360 ಮಿಲಿಮೀಟರ್ ರೇಡಿಯೇಟರ್ ಬೇಕಾಗುತ್ತದೆ, ಅಲ್ಲಿ ಅದಕ್ಕೆ ಸರಿಸಾಟಿ ಇಲ್ಲ. ಅದಕ್ಕಿಂತ ಕೆಳಗೆ ಹಣ ದಂಡ.

ನನ್ನದೇ ಅನುಭವ ಹೇಳಿದರೆ, ಎರಡು ಫ್ಯಾನಿನ ನೀರಿನ ಕೂಲರನ್ನು ಆಸೆಪಟ್ಟು ಹಾಕಿಸಿದ್ದೆ. ನಾಲ್ಕನೆಯ ವರ್ಷ ಒಂದು ರಾತ್ರಿ ಗೊರಗೊರ ಸದ್ದು ಶುರುವಾಯಿತು, ವಾರದೊಳಗೆ ಪಂಪು ನಿಂತಿತು. ವಾರಂಟಿ ಮುಗಿದು ಎರಡು ತಿಂಗಳಾಗಿತ್ತು. ಆ ರಬ್ಬರ್ ಕೊಳವೆಗಳ ಮೂಲಕ ದ್ರವ ವರ್ಷಗಟ್ಟಲೆ ಸೂಕ್ಷ್ಮವಾಗಿ ಆವಿಯಾಗಿ ಹೋಗುತ್ತದೆ, ಉಳಿದ ಜಾಗಕ್ಕೆ ಗಾಳಿ ಬರುತ್ತದೆ, ಗಾಳಿಗುಳ್ಳೆ ಪಂಪಿಗೆ ಸೇರಿದರೆ ಸದ್ದು. ಪಂಪು ಎಲ್ಲಕ್ಕಿಂತ ಮೇಲಿರುವಂತೆ ಕೂರಿಸಿದರೆ ಇದು ಬೇಗ ಆಗುತ್ತದೆ. ನನ್ನದನ್ನು ಕೂರಿಸಿದ್ದವರು ಅದೇ ತಪ್ಪು ಮಾಡಿದ್ದರು, ನನಗೂ ಆಗ ಗೊತ್ತಿರಲಿಲ್ಲ. ರೇಡಿಯೇಟರನ್ನು ಕ್ಯಾಬಿನೆಟ್ಟಿನ ಮೇಲ್ಭಾಗಕ್ಕೆ ಕೂರಿಸಿದರೆ ಗಾಳಿ ಅಲ್ಲಿಗೆ ಹೋಗಿ ನಿಲ್ಲುತ್ತದೆ. ಅಂದಿನಿಂದ ನನ್ನ ಮೇಜಿನ ಕೆಳಗೆ ಇರುವುದು ಗಾಳಿಯ ಗೋಪುರ.

ಕೊನೆಗೆ ಕೋಣೆ ಮತ್ತು ಡಬ್ಬ. ಕೋಣೆ ಒಂದು ಡಿಗ್ರಿ ಏರಿದರೆ ಪ್ರೊಸೆಸರೂ ಹೆಚ್ಚುಕಡಿಮೆ ಒಂದು ಡಿಗ್ರಿ ಏರುತ್ತದೆ. ವಿದೇಶದ ವಿಮರ್ಶಕರು 20, 22 ಡಿಗ್ರಿಯ ಕೋಣೆಯಲ್ಲಿ ಅಳೆದ ಸಂಖ್ಯೆ ನಮ್ಮ ರಾಯಚೂರಿಗೆ ಹೊಂದುವುದಿಲ್ಲ. ಅವರ 75ಕ್ಕೆ ಹದಿನೈದು ಹದಿನೆಂಟು ಸೇರಿಸಿ ಓದಬೇಕು. ನಮ್ಮ ಮನೆಗಳ ಕಂಪ್ಯೂಟರ್ ಟೇಬಲ್ಲುಗಳು ಇನ್ನೊಂದು ಸಂಕಟ. ಪ್ಲೈವುಡ್ಡಿನ ಗೂಡು, ಹಿಂದೆ ಮುಚ್ಚಿದ ಹಲಗೆ, ಮುಂದೆ ಬಾಗಿಲು, ಅದರೊಳಗೆ ನಾವೆಲ್ಲ ಸಿಪಿಯು ಎಂದೇ ಕರೆಯುವ ಡಬ್ಬ. ಡಬ್ಬ ಉಗುಳಿದ ಬಿಸಿಗಾಳಿಯನ್ನು ಡಬ್ಬವೇ ಮತ್ತೆ ಉಸಿರಾಡುತ್ತದೆ. ಹತ್ತು ಸಾವಿರದ ಕೂಲರಿಗಿಂತ ಆ ಗೂಡಿನ ಹಿಂದಿನ ಹಲಗೆ ಕಿತ್ತುಹಾಕುವುದು ಹೆಚ್ಚು ಫಲ ಕೊಡುತ್ತದೆ. ಮುಂದೆ ಗಾಜಿನ ಬದಲು ಜಾಲರಿ ಇರುವ ಕ್ಯಾಬಿನೆಟ್ ಆರಿಸಿ, ಮುಂದಿನಿಂದ ಗಾಳಿ ಒಳಗೆ, ಹಿಂದಿನಿಂದ ಮತ್ತು ಮೇಲಿನಿಂದ ಹೊರಗೆ ಇರಲಿ. ಸಂಡೂರು, ಹೊಸಪೇಟೆ ಕಡೆಯ ಕೆಂಪು ದೂಳಿನವರು ಜಾಲರಿಯನ್ನು ತಿಂಗಳಿಗೊಮ್ಮೆ ತೊಳೆಯಲೇಬೇಕು.

ಎಸ್.ಪಿ. ರಸ್ತೆಯಲ್ಲಿ ಕೊಳ್ಳುವವರಿಗೆ ಒಂದು ವಿಷಯ. ‘ಟ್ರೇ ಪ್ರೊಸೆಸರ್ ಇದೆ ಸರ್, ಸಾವಿರ ಕಮ್ಮಿ’ ಎನ್ನುವವರು ಸಿಗುತ್ತಾರೆ. ಡಬ್ಬವಿಲ್ಲದ ಆ ಚಿಪ್‌ಗೆ ವಾರಂಟಿ ಅಂಗಡಿಯವರ ಮಾತು ಮಾತ್ರ. ಸೀಲ್ ಇರುವ ಡಬ್ಬಕ್ಕೆ ಕಂಪನಿಯ ಮೂರು ವರ್ಷದ ವಾರಂಟಿ ಇದೆ. ಡಬ್ಬದ ಸಂಖ್ಯೆಯನ್ನು ಜಿಎಸ್‌ಟಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಅಂಗಡಿಗೆ ಹೋಗುವ ಮೊದಲು ಇನ್ನೊಂದು ಕೆಲಸ ಮಾಡಿ. ಇನ್ನೂರು ರೂಪಾಯಿಯ ಉಷ್ಣಮಾಪಕ ತಂದು ಯಂತ್ರ ಇಡುವ ಜಾಗದಲ್ಲೇ ಇಟ್ಟು, ಸುಡುಬೇಸಿಗೆಯ ಮಧ್ಯಾಹ್ನ ಮೂರು ಗಂಟೆಗೆ ಎಷ್ಟು ತೋರಿಸುತ್ತದೆ ನೋಡಿ. ಆ ಸಂಖ್ಯೆಯನ್ನು, ಕ್ಯಾಬಿನೆಟ್ ಒಳಗೆ ಹಿಡಿಯುವ ಕೂಲರಿನ ಎತ್ತರವನ್ನು, ನೀವು ದಿನಾ ಮಾಡುವ ಕೆಲಸವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಂಗಡಿಯಲ್ಲಿ ಯಾವ ಪ್ರೊಸೆಸರ್ ಬೇಕು ಎಂದು ಕೇಳಿದಾಗ ಮೊದಲು ಆ ಚೀಟಿಯನ್ನು ಮುಂದಿಡಿ.